ನಿಜಾಮರ ಹೆಸರು, ಲಂಡನ್ನಿನ ಲಾಭ

ಹಟ್ಟಿ, ಲಿಂಗಸುಗೂರು, ಸಿಂಧನೂರುಗಳು 1948ರವರೆಗೆ ಹೈದರಾಬಾದ್ ಸಂಸ್ಥಾನದ ಊರುಗಳು. ಆ ಸಂಸ್ಥಾನದ ರೈಲಿಗೆ ನಿಜಾಮರ ಹೆಸರಿತ್ತು. ಆದರೆ ಬಹುಕಾಲ ಅದರ ಒಡೆತನ ಲಂಡನ್ನಿನ ಕಂಪನಿಯೊಂದರ ಕೈಯಲ್ಲಿತ್ತು.

ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿದ್ದು ಸಂಸ್ಥಾನದ ಹಣದಿಂದಲೇ. 1880ರ ದಶಕದಲ್ಲಿ ಅದನ್ನು 'ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ' ಕಂಪನಿಗೆ ವಹಿಸಲಾಯಿತು. ಹಾಕಿದ ಬಂಡವಾಳಕ್ಕೆ 20 ವರ್ಷ ಶೇಕಡಾ 5 ಬಡ್ಡಿಯ ಖಾತರಿ ಕೊಟ್ಟದ್ದು ಸಂಸ್ಥಾನ. ಗಳಿಕೆ ಸಾಲದಿದ್ದರೆ ಖಜಾನೆಯೇ, ಅಂದರೆ ಕಂದಾಯ ಕಟ್ಟುವ ರೈತನೇ ತುಂಬಿಕೊಡಬೇಕು.

ಇದನ್ನು ಪ್ರಶ್ನಿಸಿದವರೂ ಇದ್ದರು. 1883ರ ಚಾಂದಾ ರೈಲು ಯೋಜನೆಯನ್ನು ವಿರೋಧಿಸಿದ್ದಕ್ಕಾಗಿ ಸರೋಜಿನಿ ನಾಯ್ಡು ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರನ್ನು ಹೈದರಾಬಾದಿನಿಂದ ಗಡಿಪಾರು ಮಾಡಲಾಯಿತು. ರೈಲಿನ ಒಪ್ಪಂದ ಕುದುರಿಸಿದ ಸರದಾರ್ ಅಬ್ದುಲ್ ಹಕ್ ಅವರೇ 1886ರ ಗಣಿ ಗುತ್ತಿಗೆಯ ಹಿಂದೆಯೂ ಇದ್ದರು. ಆ ಗುತ್ತಿಗೆಯ ಹಗರಣ 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ತನಿಖೆಯವರೆಗೆ ಹೋಯಿತು. ಹಟ್ಟಿಯ ಚಿನ್ನವನ್ನು ಅಗೆದದ್ದೂ ಅದೇ ಗುತ್ತಿಗೆಯಿಂದ ಹುಟ್ಟಿದ ಕಂಪನಿ.

1930ರಲ್ಲಿ ಮೀರ್ ಉಸ್ಮಾನ್ ಅಲಿ ಖಾನರ ಸರಕಾರ ರೈಲನ್ನು ಕೊಂಡುಕೊಂಡಿತು. 1932ರಲ್ಲಿ ಅದೇ ರೈಲ್ವೆ ಇಲಾಖೆ 27 ಬಸ್ಸುಗಳನ್ನು ಓಡಿಸತೊಡಗಿತು. ಲಾಭ ನಾಡಿನಲ್ಲೇ ಉಳಿದರೆ ಏನು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. 1950ರಲ್ಲಿ ಆ ರೈಲು ಭಾರತ ಸರಕಾರದ್ದಾಯಿತು.

ಆದರೂ ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದದ್ದು 2024ರಲ್ಲಿ. ಒಡೆತನ ಸರಕಾರದ್ದಾದರೆ ಸಾಲದು; ಹಳಿ ಯಾರ ಊರಿಗೆ ಹೋಗಬೇಕೆಂದು ಕೇಳುವ ಹಕ್ಕನ್ನು ಜನ ಬಿಡಬಾರದು. 1883ರಲ್ಲಿ ಕೆಲವರು ಕೇಳಿದ್ದು ಅಂಥದೇ ಪ್ರಶ್ನೆ.