ಎರಡು ಹಡಗಿನಲ್ಲಿ ಹೋದ ಪತ್ರ

1638ರಲ್ಲಿ ಸರ್ ವಿಲಿಯಂ ಕೋರ್ಟೀನನ ಕಂಪನಿ ಕಾರವಾರದಲ್ಲಿ ಕೋಠಿ ತೆರೆದದ್ದು ಸೋಂದೆ ಸೀಮೆಯ ಕಾಳುಮೆಣಸಿನ ಆಸೆಗೆ. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮೆಣಸಿನ ಜೊತೆಗೆ ಘಟ್ಟದ ಮೇಲಿನ ನೇಕಾರರ ನವುರಾದ ಬಟ್ಟೆಯೂ ಇಲ್ಲಿಂದ ಹಡಗೇರಿತು. ಆಫ್ರಿಕಾದ ತುದಿ ಸುತ್ತಿ ಲಂಡನ್ ಸೇರಲು ತಿಂಗಳುಗಟ್ಟಲೆ ಬೇಕು. ದಾರಿಯಲ್ಲಿ ಬಿರುಗಾಳಿ, ಕಡಲ್ಗಳ್ಳರು, ಯುದ್ಧ. ಹಾಗಾಗಿ ಕಂಪನಿಯವರು ಮುಖ್ಯ ಪತ್ರಗಳನ್ನು ಒಂದಕ್ಕಿಂತ ಹೆಚ್ಚು ಪ್ರತಿ ಮಾಡಿಸಿ ಬೇರೆ ಬೇರೆ ಹಡಗುಗಳಲ್ಲಿ ಕಳಿಸುತ್ತಿದ್ದರು. ಒಂದು ಮುಳುಗಿದರೆ ಇನ್ನೊಂದು ತಲುಪೀತು ಎಂಬ ಲೆಕ್ಕಾಚಾರ.

1674ರಲ್ಲಿ ಶಿವಾಜಿಯ ಸೇನೆ ಕಾರವಾರ ಪೇಟೆಯನ್ನು ಸುಟ್ಟಿತು. ಇಂಗ್ಲಿಷರ ಕೋಠಿ ಉಳಿಯಿತು. ಅದೂ ಸುಟ್ಟಿದ್ದರೆ ಸರಕು ಹೋಗುತ್ತಿತ್ತು, ಆಗಲೇ ಕಳಿಸಿದ್ದ ಬರಹ ಹೋಗುತ್ತಿರಲಿಲ್ಲ. ಮೆಣಸು ತೂಗಿದ ನಮ್ಮ ವರ್ತಕರ ಕಡತಗಳಿಗೆ ಆ ಭದ್ರತೆ ಇರಲಿಲ್ಲ: ಒಂದೇ ಪ್ರತಿ, ಒಂದೇ ಮನೆ. ಹಾಗಾಗಿಯೇ ಆ ಕಾಲದ ಕಾರವಾರವನ್ನು ಇಂದಿಗೂ ಹೆಚ್ಚಾಗಿ ವಿಲಿಯಂ ಫಾಸ್ಟರ್ ಮತ್ತಿತರರು ಸಂಪಾದಿಸಿದ ಇಂಗ್ಲಿಷ್ ಪತ್ರಗಳ ಮೂಲಕ ನೋಡುತ್ತೇವೆ. ಚರಿತ್ರೆ ಗೆದ್ದವರದ್ದು ಎನ್ನುವ ಮಾತಿದೆ. ನಮ್ಮ ಕರಾವಳಿಯ ಮಟ್ಟಿಗೆ ಅದು ಪ್ರತಿ ಇಟ್ಟವರದ್ದೂ ಹೌದು.

ಇಂದು ನಮ್ಮ ಕಡತ ಮನೆಯ ಕಂಪ್ಯೂಟರಿನಲ್ಲಿದೆ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದಲ್ಲಿದ್ದ ಅಜ್ಜನ ಪತ್ರದ ಸ್ಕ್ಯಾನ್, ಅಜ್ಜಿ ಹಾಡಿದ ಹಾಡಿನ ಧ್ವನಿಮುದ್ರಣ, ಅರ್ಧ ಬರೆದ ಪ್ರಬಂಧ, ಎಲ್ಲವೂ ಒಂದೇ ಡಿಸ್ಕಿನಲ್ಲಿ. ಬಡಗೇರಿಯ ಸುಕ್ರಿ ಬೊಮ್ಮಗೌಡ 2025ರಲ್ಲಿ ತೀರಿಕೊಂಡರು. ಅಂಥ ಕಂಠವನ್ನು ಮತ್ತೆ ಮುದ್ರಿಸಿಕೊಳ್ಳಲು ಆಗದು.

ಕಂಪ್ಯೂಟರ್ ಕೆಟ್ಟಾಗ ‘ರಿಸ್ಟೋರ್ ಮಾಡಿದರಾಯಿತು’ ಎನ್ನುವವರು ಬಹಳ. 2000ದಲ್ಲಿ ವಿಂಡೋಸ್ ಮಿ ಜೊತೆ ಬಂದ ಸಿಸ್ಟಮ್ ರಿಸ್ಟೋರ್, ವ್ಯವಸ್ಥೆಯ ಫೈಲು ಮತ್ತು ಸೆಟ್ಟಿಂಗುಗಳನ್ನು ಹಿಂದಿನ ದಿನಕ್ಕೆ ಒಯ್ಯುತ್ತದೆ. ಕೆಟ್ಟ ಡ್ರೈವರ್ ಹಾಕಿ ಯಂತ್ರ ಮುನಿಸಿಕೊಂಡಿದ್ದರೆ ಅದು ಸಾಕು. ಆದರೆ ಅಳಿಸಿಹೋದ ಹಾಡನ್ನು ಅದು ತಂದುಕೊಡದು. ಅದರ ದಾಖಲೆ ಇರುವುದೂ ಅದೇ ಡಿಸ್ಕಿನಲ್ಲಿ. ಡಿಸ್ಕ್ ಸತ್ತರೆ ಅದೂ ಸತ್ತಂತೆ. ಎರಡು ಪ್ರತಿ ಮಾಡಿ ಒಂದೇ ಹಡಗಿಗೆ ಹಾಕಿದ ಹಾಗೆ.

ಇಡೀ ಡಿಸ್ಕಿನ ಪಡಿಯಚ್ಚನ್ನು, ಅಂದರೆ ಸಿಸ್ಟಮ್ ಇಮೇಜನ್ನು, ಹೊರಗಿನ ಡಿಸ್ಕಿನಲ್ಲಿ ಇಟ್ಟುಕೊಂಡವರು ಪೆನ್‌ಡ್ರೈವಿನಿಂದ ಯಂತ್ರ ಶುರುಮಾಡಿ ಎಲ್ಲವನ್ನೂ ಮರಳಿ ಪಡೆಯಬಹುದು. ಆಮೇಲೆ ಬರೆದದ್ದಕ್ಕೆ ಬೇರೆಯೇ ಫೈಲು ಪ್ರತಿ ಬೇಕು. ಕೆಲಸ ಮುಗಿದ ಮೇಲೆ ಆ ಡಿಸ್ಕನ್ನು ಕಳಚಿಡಬೇಕು: ಸಿಕ್ಕಿಸಿಯೇ ಇದ್ದರೆ ಸಿಡಿಲು ಎರಡನ್ನೂ ಸುಟ್ಟೀತು, 2017ರ ಮೇ ತಿಂಗಳ ವನ್ನಾಕ್ರೈಯಂಥ ಕುತಂತ್ರಾಂಶ ಎರಡಕ್ಕೂ ಬೀಗ ಹಾಕೀತು. ಇನ್ನೊಂದು ಪ್ರತಿ ದೂರದಲ್ಲಿರಲಿ. ಅಂಕೋಲೆಯವರು ಕಾರವಾರದ ನೆಂಟರ ಮನೆಯಲ್ಲಿಟ್ಟರೆ ಸಾಲದು. 2019ರ ಆಗಸ್ಟಿನಲ್ಲಿ ಗಂಗಾವಳಿ, ಕಾಳಿ ಎರಡೂ ಒಟ್ಟಿಗೇ ಉಕ್ಕಿದ್ದವು. ಘಟ್ಟದ ಮೇಲೊಂದು ಮನೆ, ಇಲ್ಲವೇ ಕ್ಲೌಡ್ ಬೇಕು.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿದ್ದ ಕಡತ ಸುರಕ್ಷಿತವಾಗಿ ಮರಳಿದರೂ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿದ ಪ್ರತಿಯೊಂದು ಜೊತೆಗಿರಬೇಕು.

ಕಂಪನಿಯ ಪತ್ರಗಳಲ್ಲಿ ನನಗೆ ಹಿಡಿಸುವುದು ಅವುಗಳ ಮೊದಲ ಸಾಲುಗಳು: ಇಂಥ ತಾರೀಖಿನ, ಇಂಥ ಹಡಗಿನ ಪತ್ರ ತಲುಪಿತು ಎಂಬ ಒಕ್ಕಣೆ. ತಲುಪಿತೆಂದು ಗೊತ್ತಾಗುವ ತನಕ ಪ್ರತಿ ಬರೀ ನಂಬಿಕೆ. ನಮ್ಮ ಬ್ಯಾಕಪ್ಪೂ ಹಾಗೆಯೇ. ಪ್ರತಿ ವರ್ಷ ಮುಂಗಾರಿಗೆ ಮೊದಲು ಒಂದು ಫೈಲನ್ನಾದರೂ ಅದರಿಂದ ತೆಗೆದು ತೆರೆದು ನೋಡಬೇಕು. ಮುಂದೊಂದು ದಿನ ಈ ಕರಾವಳಿಯ ಕತೆ ಬರೆಯುವವರು ಮತ್ತೆ ಹೊರಗಿನವರ ಪತ್ರಗಳನ್ನೇ ನೆಚ್ಚಿಕೊಳ್ಳುವಂತೆ ಆಗದಿರಲಿ.