ನಾಲ್ಕನೆಯ ಆಯಾಮದ ಒಗಟು

ವಿಜಯಪುರ ಜಿಲ್ಲೆಯ ತಾಂಬಾ ಗ್ರಾಮದ ಎರೆಹೊಲದಲ್ಲಿ ನಿಂತವನಿಗೆ ಭೂಮಿ ಸಪಾಟಾಗಿಯೇ ಕಾಣುತ್ತದೆ. ಅದು ಗುಂಡಗಿದೆಯೆಂದು ಬಲ್ಲವನೂ ಹೊಲದ ನಕಾಶೆಯನ್ನು ಚಪ್ಪಟೆ ಕಾಗದದ ಮೇಲೆಯೇ ಬರೆಯುತ್ತಾನೆ. ಹೀಗೆ ಹತ್ತಿರದಿಂದ ಸಪಾಟಾಗಿ ತೋರುವ ಆಕೃತಿಗಳನ್ನು ಗಣಿತಜ್ಞರು ‘ಮ್ಯಾನಿಫೋಲ್ಡ್’ ಎಂದು ಕರೆಯುತ್ತಾರೆ. ೧೮೫೪ರಲ್ಲಿ ಜರ್ಮನಿಯ ರೀಮಾನ್ ಮಾಡಿದ ಉಪನ್ಯಾಸವೊಂದು ಈ ಕಲ್ಪನೆಗೆ ತಳಹದಿಯಾಯಿತು. ನೂಲಿನೆಳೆಗೆ ಆಯಾಮ ಒಂದು, ಚೆಂಡಿನ ಮೈಗೆ ಎರಡು, ಉದ್ದ ಅಗಲ ಎತ್ತರಗಳುಳ್ಳ ನಮ್ಮ ಸುತ್ತಣ ಬಯಲಿಗೆ ಮೂರು. ಗಣಿತಕ್ಕೆ ಅಲ್ಲಿಯೇ ನಿಲ್ಲಬೇಕೆಂಬ ಕಟ್ಟಿಲ್ಲ.

ಹಿಂದೆ ಕುಲಕರ್ಣಿಗಳ ಕೈಯಲ್ಲಿದ್ದ ಊರೂರಿನ ನಕಾಶೆಗಳನ್ನು ಜೋಡಿಸಿದರೆ ತಾಲ್ಲೂಕಿನ ಚಿತ್ರ ಮೂಡುತ್ತದಷ್ಟೆ. ಆಕೃತಿಯ ನಕಾಶೆಗಳನ್ನೂ ಹಾಗೆಯೇ ಜೋಡಿಸಬಹುದು. ಎರಡು ನಕಾಶೆಗಳು ಕೂಡುವಲ್ಲಿ ಮುರುಕು, ಮೂಲೆ ಬಾರದಂತೆ ಒಂದರಿಂದ ಇನ್ನೊಂದಕ್ಕೆ ಸಾಗುವಂತಿದ್ದರೆ ಅಲ್ಲಿ ಕಲನಶಾಸ್ತ್ರ ನಡೆಯುತ್ತದೆ. ಈ ಏರ್ಪಾಡಿಗೆ ‘ನಯರಚನೆ’ ಎನ್ನೋಣ. ಒಂದೇ ಆಕೃತಿಗೆ, ಎಷ್ಟು ಎಳೆದು ಬಗ್ಗಿಸಿದರೂ ಒಂದಕ್ಕೊಂದು ನಯವಾಗಿ ಹೊಂದದ ಎರಡು ನಯರಚನೆಗಳು ಇರಬಹುದೆ?

ಇರಲಾರವೆಂದೇ ತೋರುತ್ತಿತ್ತು. ೧೯೨೫ರಲ್ಲಿ ಹಂಗೇರಿಯ ಟಿಬೋರ್ ರಾಡೊ, ಎರಡು ಆಯಾಮದ ಮೈಯನ್ನೆಲ್ಲ ತ್ರಿಕೋನಗಳಾಗಿ ವಿಂಗಡಿಸಬಹುದೆಂದು ಸಾಧಿಸಿದರು. ಗೋಲಗುಮ್ಮಟದ ಮೈಯಂಥದಕ್ಕೆ ನಯರಚನೆ ಒಂದೇ ಎಂಬುದಕ್ಕೆ ಇದೇ ಬುನಾದಿ. ೧೯೫೨ರಲ್ಲಿ ಅಮೆರಿಕದ ಎಡ್ವಿನ್ ಮೊಯಿಸ್ ಮೂರು ಆಯಾಮಕ್ಕೂ ಇಂಥದೇ ಬುನಾದಿ ಹಾಕಿದರು. ಮಂಕ್ರಸ್ ಮೊದಲಾದವರ ಶ್ರಮದಿಂದ ಅಲ್ಲಿಯೂ ರಚನೆ ಒಂದೇ ಎಂದು ಸ್ಥಿರಪಟ್ಟಿತು.

ಈ ನೆಮ್ಮದಿಯನ್ನು ಕೆಡಿಸಿದವರು ಜಾನ್ ಮಿಲ್ನರ್. ಏಳು ಆಯಾಮದ ಗೋಳಕ್ಕೆ ನಯರಚನೆ ಒಂದಲ್ಲ, ಹಲವು ಎಂದು ೧೯೫೬ರಲ್ಲಿ ಅವರು ತೋರಿಸಿದರು. ಕೆರ್ವೇರರೊಡನೆ ೧೯೬೩ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎಡಬಲಗಳ ಭೇದವನ್ನೂ ಹಿಡಿದರೆ, ಅವು ೨೮!

ಗೋಳವನ್ನು ಬಿಟ್ಟು ಎಲ್ಲೆಯಿಲ್ಲದ ಬರಿಯ ಬಯಲನ್ನು ತೆಗೆದುಕೊಂಡರೆ, ನಾಲ್ಕನ್ನುಳಿದು ಯಾವ ಆಯಾಮದಲ್ಲಿಯೂ ನಯರಚನೆ ಒಂದೇ. ನಾಲ್ಕರಲ್ಲಿ ಮಾತ್ರ ಎರಡನೆಯದೂ ಉಂಟೆಂಬುದು ಫ್ರೀಡ್‌ಮನ್ ಮತ್ತು ಡೊನಾಲ್ಡ್‌ಸನ್ ಅವರು ೧೯೮೨–೮೩ರಲ್ಲಿ ಪ್ರಕಟಿಸಿದ ಶೋಧಗಳಿಂದ ತಿಳಿದುಬಂತು. ೧೯೮೭ರಲ್ಲಿ ಟಾಬ್ಸ್, ಅವು ಒಂದು ಎರಡು ಎಂದು ಎಣಿಸಿ ಮುಗಿಸಲಾಗದ ಅನಂತವೆಂದರು. ಐದು ಆಯಾಮ ಮತ್ತು ಅದಕ್ಕೂ ಮೇಲೆ, ಒಂದು ಹಾಳೆಯನ್ನು ತನಗೆ ತಾನೇ ತಗಲದಂತೆ ಸರಿಸಲು ಎಡೆಯುಂಟು. ನಾಲ್ಕರಲ್ಲಿ ಹಾಳೆ ತನ್ನಲ್ಲೇ ಸಿಕ್ಕಿಕೊಳ್ಳುತ್ತದೆ. ತೊಡಕಿನ ಮೂಲ ಅಲ್ಲಿದೆ.

ಮಿಂಕೊವ್‌ಸ್ಕಿಯವರು ದೇಶಕಾಲಗಳನ್ನು ಒಂದುಗೂಡಿಸಿದಾಗ ಬಂದ ಆಯಾಮಗಳೂ ನಾಲ್ಕೇ. ಆ ಆಯಾಮದ ಗೋಳಕ್ಕೆ ನಯರಚನೆ ಒಂದೋ ಹಲವೋ ಎಂಬುದನ್ನು ಇಂದಿಗೂ ಯಾರೂ ಬಿಡಿಸಿಲ್ಲ. ದೂರದ ಏಳನ್ನು ಎಣಿಸಿ ಮುಗಿಸಿದ ಗಣಿತ, ಮಗ್ಗುಲಲ್ಲೇ ಇರುವ ನಾಲ್ಕರ ಮುಂದೆ ಇನ್ನೂ ಕಾದು ನಿಂತಿದೆ.