ಹೈಫಾದ ಹಗೇವು: 1918ರ ಒಂದು ಸಾಕ್ಷ್ಯದ ಮರುಪರಿಶೀಲನೆ

1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಹೈಫಾಕ್ಕೆ ನುಗ್ಗಿ ಬಹಾಯಿ ಗುರು ಅಬ್ದುಲ್ ಬಹಾ ಅವರನ್ನು ತುರ್ಕಿ ಸೇನಾಧಿಪತಿ ಜಮಾಲ್ ಪಾಷಾ ಬೆದರಿಸಿದ್ದ ಶಿಲುಬೆಯಿಂದ ಉಳಿಸಿದರು ಎಂಬ ಮಾತು ನಮ್ಮಲ್ಲಿ ಭಾಷಣದಿಂದ ಭಾಷಣಕ್ಕೆ ದಾಟುತ್ತಿದೆ. ಹೀಗೆ ಹೇಳುವವರು ಕಾಲಾನುಕ್ರಮ ನೋಡಿಲ್ಲ. ಬೆದರಿಕೆ ಹಾಕಿದ ಜಮಾಲ್ 1917ರ ಕೊನೆಯಲ್ಲೇ ಸಿರಿಯಾ ಬಿಟ್ಟಿದ್ದ. 1918ರಲ್ಲಿ ತುರ್ಕರ ನಾಲ್ಕನೆಯ ಸೈನ್ಯ ನಡೆಸುತ್ತಿದ್ದವನು ಮೆರ್ಸಿನ್‌ನ ಇನ್ನೊಬ್ಬ ಜಮಾಲ್. ಅವನ ಪಡೆ ಇದ್ದದ್ದು ಜೋರ್ಡಾನ್ ನದಿಯ ಆಚೆ. ಅಪಾಯವೇ ಇರಲಿಲ್ಲವೆಂಬುದು ನನ್ನ ವಾದವಲ್ಲ. ಅಬ್ದುಲ್ ಬಹಾ ಅವರ ರಕ್ಷಣೆಗಾಗಿ ಬ್ರಿಟಿಷ್ ವಿದೇಶಾಂಗ ಸಚಿವ ಬಾಲ್ಫೋರ್ ಕಡೆಯಿಂದ ಸೇನಾಪತಿ ಅಲೆನ್‌ಬಿಗೆ ಸೂಚನೆ ಹೋಗಿತ್ತು. ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿ ಹಿಡಿದ ನಮ್ಮವರ ಸಾಹಸವೂ ಇದರಿಂದ ಕುಂದುವುದಿಲ್ಲ (ಊರೊಳಕ್ಕೆ ನುಗ್ಗಿದ ಮೊದಲ ದಾಳಿ ಮಾತ್ರ ಜೋಧಪುರದವರದು, ಅದನ್ನು ಅವರಿಗೇ ಬಿಡಬೇಕು).

ನನ್ನ ತಕರಾರು ಬೇರೆ. ಈ ಕಥೆಯ ಸದ್ದಿನಲ್ಲಿ ಹೈಫಾ, ಅಕ್ಕಾ ಊರುಗಳ ಹಸಿದ ಜನ ಕಾಣದಾಗಿದ್ದಾರೆ. 1915ರ ಮಿಡತೆ ಹಾವಳಿ, ಮಿತ್ರರಾಷ್ಟ್ರಗಳ ನೌಕಾ ದಿಗ್ಬಂಧನ, ತುರ್ಕಿ ಸೈನ್ಯದ ಧಾನ್ಯ ವಸೂಲಿ ಮೂರೂ ಸೇರಿ ಆ ನಾಡನ್ನು ಬರಗಾಲಕ್ಕೆ ನೂಕಿದ್ದವು. ಯರ್ಮೂಕ್ ನದಿಯ ಬಳಿಯ ಅದಸಿಯ್ಯಾದಲ್ಲಿ ಅಬ್ದುಲ್ ಬಹಾ ಬೆಳೆಸಿ ಕೂಡಿಟ್ಟ ಧಾನ್ಯ ಆ ಊರುಗಳ ಬಡವರ ಹೊಟ್ಟೆ ತುಂಬಿಸಿತು. 1920ರ ಏಪ್ರಿಲ್ 27ರಂದು ಅವರಿಗೆ ಬ್ರಿಟಿಷರು ಸರ್ ಪದವಿ ಕೊಟ್ಟದ್ದು ಈ ಕೆಲಸಕ್ಕೆ.

ಇಲ್ಲಿಯೇ ಜಗಳ. ಅಬ್ದುಲ್ ಬಹಾ ಅವರ ಅನುಯಾಯಿ ಲೇಡಿ ಬ್ಲೂಮ್‌ಫೀಲ್ಡ್ ಅವರ 1940ರ ಪುಸ್ತಕದಲ್ಲಿ ಒಂದು ಪ್ರಸಂಗವಿದೆ: ಊರು ಹಿಡಿದ ಬ್ರಿಟಿಷ್ ಸೈನ್ಯಕ್ಕೆ ಆಹಾರದ ಅಡಚಣೆಯಾದಾಗ ಅಬ್ದುಲ್ ಬಹಾ ತಮ್ಮಲ್ಲಿ ಧಾನ್ಯವಿದೆ ಎಂದು ಕೊಟ್ಟರಂತೆ. ಇದನ್ನೇ ಹಿಡಿದು, ಪದವಿ ಬಂದದ್ದು ದಂಡಿಗೆ ದವಸ ಒದಗಿಸಿದ್ದಕ್ಕೆ, ಜನರ ಹಸಿವಿಗಲ್ಲ ಎನ್ನುವವರಿದ್ದಾರೆ. ಆ ಓದು ನಿಲ್ಲುವುದಿಲ್ಲ. ಧಾನ್ಯ ಕೂಡಿಟ್ಟ ವರ್ಷಗಳಲ್ಲಿ ಹೈಫಾ ತುರ್ಕರ ಕೈಯಲ್ಲಿತ್ತು. ಬ್ರಿಟಿಷ್ ದಂಡಿಗಾಗಿ ಉಗ್ರಾಣ ಮಾಡಿದ್ದರೆ ಅದು ರಾಜದ್ರೋಹ, ಶಿಕ್ಷೆ ಮರಣ. ದಂಡಿಗೆ ಸಿಕ್ಕಿದ್ದು ಊರವರಿಗೆಂದು ಇಟ್ಟದ್ದರಲ್ಲಿ ಉಳಿದದ್ದು. ಅದೇ ಪುಸ್ತಕ ಧಾನ್ಯವನ್ನು ನೆಲದೊಳಗಿನ ಗುಂಡಿಗಳಲ್ಲಿ, ಕೆಲವು ರೋಮನ್ ಕಾಲದವುಗಳಲ್ಲಿ, ಇಟ್ಟಿದ್ದರೆಂದೂ ಹೇಳುತ್ತದೆ. ನಮ್ಮ ಲೇಖಕರು ಈ ಸಾಲನ್ನು ಅಲಂಕಾರವೆಂದು ದಾಟಿಬಿಟ್ಟರು. ನಮ್ಮ ಆನೆಕೊಂಡ ಊರಿನ ಎರೆಹೊಲದ ರೈತರನ್ನು ಕೇಳಿದ್ದರೆ ಸಾಕಿತ್ತು: ಹಗೇವಿಗೆ, ಅಂದರೆ ನೆಲದೊಳಗಿನ ಧಾನ್ಯದ ಗುಂಡಿಗೆ, ಜೋಳ ಇಳಿಸುವುದು ಬರುವ ಬರಕ್ಕೆ, ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಯಲಿಕ್ಕೆ. 1876–78ರ ಬರದಲ್ಲಿ ಬೆಂದ ಮೈಸೂರು ಸೀಮೆಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬ್ಲೂಮ್‌ಫೀಲ್ಡ್ ಭಕ್ತೆ, ಪುಸ್ತಕ ಬಂದದ್ದು ಇಪ್ಪತ್ತೆರಡು ವರ್ಷ ತಡವಾಗಿ, ಒಪ್ಪಿದೆ. ಆದರೆ ದಂಡಿನ ಮಾತಿಗೆ ಆಕೆ ಸಾಕ್ಷಿಯಾಗಬಹುದು, ಗುಂಡಿಯ ಮಾತಿಗೆ ಆಗಬಾರದು ಎನ್ನುವುದು ಯಾವ ನ್ಯಾಯ?

ದಂಡಿನ ಹಳೆಯ ದಾರಿಯಲ್ಲಿ ನೆರವೂ ಹೋಗಿದೆ. 2023ರ ಅಕ್ಟೋಬರ್ 22ರಂದು ಗಾಜಾದ ಜನರಿಗಾಗಿ ಭಾರತ ಸುಮಾರು ಆರೂವರೆ ಟನ್ ಔಷಧ ಸಾಮಗ್ರಿ, 32 ಟನ್ ಪರಿಹಾರ ಸಾಮಗ್ರಿ ಕಳಿಸಿತು. ವಿಮಾನ ಇಳಿದದ್ದು ಎಲ್ ಅರಿಶ್‌ನಲ್ಲಿ, 1916ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೈನ್ಯ ಪ್ಯಾಲೆಸ್ತೀನಿನತ್ತ ಸಾಗುವಾಗ ಹಿಡಿದ ಊರಿನಲ್ಲಿ. ಆ ದಾರಿಯಲ್ಲಿ ದಂಡು ಹೋದದ್ದನ್ನು ನಾವು ಬೇಕಾದಷ್ಟು ಬರೆದಿದ್ದೇವೆ. ದವಸ ಹೋದದ್ದನ್ನು, ಅದನ್ನು ಉಂಡವರನ್ನು ಮೈಸೂರಿನ ಹೈಫಾ ಚರಿತ್ರೆ ಇನ್ನೂ ಬರೆಯಬೇಕಿದೆ. ಅದಕ್ಕೆ ಆರಂಭ ಅದಸಿಯ್ಯಾದ ಹೊಲ, ಕಾರ್ಮೆಲ್‌ನ ಫಿರಂಗಿಯಲ್ಲ.